ಪುಕ್ಕಟೆ ಅಳಿಯನ ಚೀಲ

ನಮ್ಮೂರಿನಲ್ಲಿ ಫೋನಿನ ಮೇಲೆ ‘ಒಪ್ಪಿಗೆ’ ಒತ್ತಿದವರ ಮನೆಗೆ, ಅದೇ ದಿನ ದೀಪ ಹಚ್ಚುವಷ್ಟರಲ್ಲಿ, ಒಬ್ಬ ಬಂದು ಕೂತಿರುತ್ತಾನೆ. ಇಸ್ತ್ರಿ ಮಾಡಿದ ಅಂಗಿ, ಎಣ್ಣೆ ಹಚ್ಚಿ ಬಾಚಿದ ತಲೆ, ಹೆಗಲಿಗೊಂದು ಖಾಲಿ ಚೀಲ. ಹೆಸರು ಕೇಳಿದರೆ “ನಾ ನಿಮ್ಮವನೇ ಅಂತ ತಿಳೀರಿ” ಅನ್ನುತ್ತಾನೆ. ಏಳು ದಿನ ಒಂದು ಲೋಟ ನೀರೂ ಮುಟ್ಟುವುದಿಲ್ಲ, ಕೇಳಿದ್ದನ್ನೆಲ್ಲ ಮಾಡಿಕೊಡುತ್ತಾನೆ. ಎಂಟನೆಯ ದಿನ ನೀವು ಕರೆಯದಿದ್ದರೂ ಊಟಕ್ಕೆ ಬಂದು ಕೂರುತ್ತಾನೆ, ಆಮೇಲೆ ಏಳುವ ಮಾತೇ ಇಲ್ಲ. ಇವರನ್ನು ನಾವು ಪುಕ್ಕಟೆ ಅಳಿಯಂದಿರು ಅನ್ನುತ್ತೇವೆ. ನಿಜವಾದ ಅಳಿಯನಾದರೆ ಮಗಳ ಮುಖ ನೋಡಿಯಾದರೂ ಸಹಿಸಿಕೊಳ್ಳಬಹುದು. ಇವರ ವಿಷಯದಲ್ಲಿ ಆ ಸಮಾಧಾನವೂ ಇಲ್ಲ.

ಮೊದಲ ವರ್ಷ ಊರು ಗಾಬರಿಯಾಗಿತ್ತು, ಈಗ ರೂಢಿಯಾಗಿದೆ. ಹೊಸ ಮನೆ ಕಟ್ಟಿಸುವವರು ಮುಂದಿನ ಕಟ್ಟೆಯನ್ನು ಎರಡು ಮೊಳ ಅಗಲ ಇಡಿಸುತ್ತಾರೆ. ಹೆಣ್ಣು ಕೊಡುವವರು “ಮನಿಯಾಗ ಅಳಿಯಂದಿರು ಎಷ್ಟು ಮಂದಿ ಅದಾರ್ರಿ?” ಎಂದು ಕೇಳಿಯೇ ಮುಂದಿನ ಮಾತಿಗೆ ಹೋಗುತ್ತಾರೆ. ಬಳೆ ಅಂಗಡಿಯವನ ಮನೆಯಲ್ಲಿ ಹನ್ನೊಂದು ಜನ ಕೂತಿದ್ದಾರೆ. ಹೇಗೂ ಏಳುವವರಲ್ಲ ಎಂದು ಅವನು ಅವರಿಗೆ ಚೌಕಾಬಾರದ ಮನೆ ಬರೆದುಕೊಟ್ಟಿದ್ದಾನೆ. ಅವರು ಕದಿಯುವುದಿಲ್ಲ, ಬಯ್ಯುವುದಿಲ್ಲ, ನೇರವಾಗಿ ಕೇಳಿದರೆ ಸುಳ್ಳನ್ನೂ ಹೇಳುವುದಿಲ್ಲ. ಆದರೆ ಮನೆಯಲ್ಲಿ ಕಂಡದ್ದು ಕೇಳಿದ್ದೆಲ್ಲ ಅವರ ಚೀಲ ಸೇರುತ್ತದೆ. ನಿಮ್ಮದು ನಿಮ್ಮಲ್ಲೇ ಇರುತ್ತದೆ, ಅವರ ಚೀಲ ಮಾತ್ರ ಉಬ್ಬುತ್ತಾ ಹೋಗುತ್ತದೆ. ಬುಧವಾರ ಮಧ್ಯಾಹ್ನ ಹನ್ನೆರಡಕ್ಕೆ ಎಲ್ಲರೂ ನೀರಿನ ಟಾಕಿಯ ಕೆಳಗೆ ಸೇರಿ ಒಬ್ಬರ ಚೀಲದಲ್ಲೊಬ್ಬರು ಇಣುಕುತ್ತಾರೆ. ಮರುದಿನ ಗುರುತಿಲ್ಲದವರು ಬಾಗಿಲು ಬಡಿದು ನಿಮ್ಮ ಮೊಣಕಾಲು ನೋವಿನ ಕ್ಷೇಮಸಮಾಚಾರ ವಿಚಾರಿಸುತ್ತಾರೆ.

ನಾನು ಇಂದುಮತಿ. ಗಿರಣಿ ಓಣಿಯಲ್ಲಿ ಇಪ್ಪತ್ತಾರು ವರ್ಷದಿಂದ ಹೆಂಗಸರ ಜಂಪರ್ ಹೊಲಿಯುತ್ತಿದ್ದೇನೆ. ಎದುರಿಗೇ ನಮ್ಮ ಮನೆಯವರ ಹಿಟ್ಟಿನ ಗಿರಣಿ. ಅದು ತಿರುಗತೊಡಗಿದರೆ ನನ್ನ ಮಷಿನ್ನಿನ ಸದ್ದು ನನಗೇ ಕೇಳಿಸುವುದಿಲ್ಲ. ನನ್ನ ಆಸ್ತಿಯೆಂದರೆ ಕೆಂಪು ರಟ್ಟಿನ ಒಂದು ಅಳತೆ ಪುಸ್ತಕ. ಒಬ್ಬೊಬ್ಬರಿಗೆ ಒಂದೊಂದು ಪುಟ. ಹೆಸರು, ಎದೆಸುತ್ತು, ತೋಳು, ಕೊರಳು, ಕಡೆಗೆ ‘ವಿಶೇಷ’ ಎಂದು ಒಂದು ಸಾಲು. ಆ ಸಾಲಿನಲ್ಲಿ ಏನೇನು ಬರೆದಿಟ್ಟಿದ್ದೆ ಎಂದು ನೆನೆದರೆ ಈಗ ಮೈ ಜುಮ್ಮೆನ್ನುತ್ತದೆ. ಯಾರಿಗೆ ಒಂದು ಭುಜ ಇಳಿದಿದೆ, ಯಾರ ಬೆನ್ನಿನ ಮೇಲೆ ಸುಟ್ಟ ಕಲೆ ಇದೆ, ಯಾರು ಗಂಡನಿಗೆ ಗೊತ್ತಿಲ್ಲದ ಹಾಗೆ ಒಳಜೇಬು ಇಡಿಸಿಕೊಳ್ಳುತ್ತಾರೆ, ಯಾರಿಗೆ ಎರಡನೇ ತಿಂಗಳು ನಡೆಯುತ್ತಿರುವುದರಿಂದ ಒಳಗೆ ಬಟ್ಟೆ ಬಿಟ್ಟು ಹೊಲಿಯಬೇಕು, ಎಲ್ಲ. ಡಾಕ್ಟರಿಗೆ ಹೇಳದ್ದನ್ನು ಹೆಂಗಸರು ಜಂಪರ್ ಹೊಲಿಯುವವಳಿಗೆ ಹೇಳುತ್ತಾರೆ. ಅವರು ಹೇಳದಿದ್ದರೆ ಟೇಪು ಹೇಳುತ್ತದೆ. ನಾನು ಬಾಯಿಬಡುಕಿ ಎಂಬುದು ನಿಜ, ಊರ ಸುದ್ದಿ ಆಡದಿದ್ದರೆ ಉಂಡದ್ದು ಕರಗುವುದಿಲ್ಲ. ಆದರೆ ಪುಸ್ತಕದ ವಿಷಯ ಬಂದರೆ ಮಾತ್ರ ನನ್ನ ಬಾಯಿಗೆ ಹೊಲಿಗೆ. ಇಪ್ಪತ್ತಾರು ವರ್ಷದಲ್ಲಿ ಅದರ ಒಂದಕ್ಷರವೂ ಹೊರಗೆ ಹೋಗಿರಲಿಲ್ಲ.

ಆ ಪುಸ್ತಕದಲ್ಲಿ ದಾಕ್ಷಾಯಣಿ ಅಕ್ಕೋರದೂ ಒಂದು ಪುಟ ಇತ್ತು. ಹೆಣ್ಣುಮಕ್ಕಳ ಶಾಲೆಯಲ್ಲಿ ಕನ್ನಡ ಕಲಿಸುತ್ತಾರೆ, ಬೆಳಿಗ್ಗೆ ಕವಾಯತು ಮಾಡಿಸುತ್ತಾರೆ. ಅವರು ‘ಸಾವಧಾನ್’ ಎಂದು ಕೂಗಿದರೆ ಓಣಿಯ ನಾಯಿಗಳೂ ನೆಟ್ಟಗೆ ನಿಲ್ಲುತ್ತವೆ. ಮೂರು ವರ್ಷದ ಹಿಂದೆ ರಜೆ ಹಾಕಿ ದೂರದ ಆಸ್ಪತ್ರೆಗೆ ಹೋಗಿ ಬಂದರು. ಮನೆಯಲ್ಲಿ ತಮ್ಮನಿಗೆ, ತಮ್ಮನ ಹೆಂಡತಿಗೆ ಹೊಟ್ಟೆಯ ಆಪರೇಷನ್ ಎಂದಿದ್ದರು. ಒಂದು ಮಧ್ಯಾಹ್ನ ನನ್ನ ಅಂಗಡಿಗೆ ಬಂದು, ಬಾಗಿಲು ಹಾಕಿಸಿ, ಸೆರಗು ತೆಗೆದು ನಿಂತರು. ಎಡಗಡೆಯ ಎದೆ ಇರಲಿಲ್ಲ. “ನೋಡಿದ್ಯಲ್ಲ? ಈಗ ಹೊಲಿ” ಅಂದರು, ಅಷ್ಟೇ.

ಮೊದಲು ಬರೀ ಅರಳೆ ತುಂಬಿದ ಸಣ್ಣ ಚೀಲ ಹೊಲಿದು ಒಳಗೆ ಕೂರಿಸಿದೆ. ಕೈ ಮೇಲೆತ್ತಿದರೆ ಜಂಪರ್ ಆ ಕಡೆ ಮಾತ್ರ ಮೇಲಕ್ಕೆ ಸರಿಯುತ್ತಿತ್ತು. ಕೈ ಎತ್ತದೆ ಕವಾಯತು ಮಾಡಿಸಲಾದೀತೇ? ಮೂರನೆಯ ಸಲ ಅರಳೆಯ ನಡುವೆ ಒಂದು ಹಿಡಿ ನವಣೆ ಸೇರಿಸಿ ಹೊಲಿದೆ, ತೂಕ ಸರಿಹೋಯಿತು. ಅಕ್ಕೋರು ಕನ್ನಡಿಯ ಮುಂದೆ ನಿಂತು ಎರಡೂ ಕೈ ಎತ್ತಿದರು, ಇಳಿಸಿದರು, ಮತ್ತೆ ಎತ್ತಿದರು. “ಹುಡಿಗ್ಯಾರು ನನ್ನ ಮಾರಿ ನೋಡಬೇಕು ಇಂದುಮತಿ, ಎದಿ ನೋಡಬಾರದು. ಇನ್ನ ನೋಡಂಗಿಲ್ಲ ಬಿಡು” ಎಂದು ನಕ್ಕರು. ಅವರು ನಕ್ಕಿದ್ದನ್ನು ನಾನು ನೋಡಿದ್ದು ಅದೇ ಮೊದಲು. ಆ ಖುಷಿಯಲ್ಲಿ ನಾನು ‘ವಿಶೇಷ’ದ ಸಾಲು ತುಂಬಿಸಿದೆ. ಎಡ ಎದೆ ಇಲ್ಲ, ಚೀಲದ ಅಗಲ ಇಷ್ಟು, ಎತ್ತರ ಇಷ್ಟು, ನವಣೆ ಒಂದು ಹಿಡಿ.

ಇಂಥ ಪುಸ್ತಕ ಇಟ್ಟುಕೊಂಡವಳು ಫೋನು ಮುಟ್ಟುವ ಮುಂಚೆ ಹತ್ತು ಸಲ ಯೋಚಿಸಬೇಕಿತ್ತು. ನಾನು ಒಂದು ಸಲವೂ ಯೋಚಿಸಲಿಲ್ಲ. ಮದುವೆಯ ದಿನಗಳು. ಹೊಸ ಹುಡುಗಿಯರು ಬಂದು ಬೆನ್ನಿಗೆ ನವಿಲು ಬೇಕು, ಕಮಾನು ಬೇಕು, ಗೂಡು ಬೇಕು ಎಂದು ಪ್ರಾಣ ತಿನ್ನುತ್ತಿದ್ದರು. ಫೋನಿನಲ್ಲಿ ‘ಸಾವಿರ ಬೆನ್ನಿನ ಡಿಸೈನು, ಏಳು ದಿನ ಪುಕ್ಕಟೆ’ ಎಂದು ಬಂತು. ಪುಕ್ಕಟೆ ಸಿಕ್ಕರೆ ನನಗೊಂದು ನಮ್ಮಪ್ಪನಿಗೊಂದು ಅನ್ನುವ ಪೈಕಿ ನಾನು. ಕೆಳಗೆ ಇರುವೆ ಸಾಲಿನಂಥ ಅಕ್ಷರದಲ್ಲಿ ಅದು ಏನೇನೋ ಕೇಳುತ್ತಿತ್ತು. ನೋಡಬಹುದೇ, ಓದಬಹುದೇ, ಕೇಳಿಸಿಕೊಳ್ಳಬಹುದೇ, ಇತರರೊಡನೆ ಹಂಚಿಕೊಳ್ಳಬಹುದೇ. ಬಟ್ಟೆಯಲ್ಲಿ ಕಾಲಿಂಚು ಹೆಚ್ಚುಕಡಿಮೆಯಾದರೆ ದೂರದಿಂದಲೇ ಹಿಡಿಯುವ ನನ್ನ ಕಣ್ಣಿಗೆ ಆ ಸಾಲುಗಳು ಕಾಣಿಸಲೇ ಇಲ್ಲ. ಎಲ್ಲದಕ್ಕೂ ಹೂಂ, ಹೂಂ, ಹೂಂ ಎಂದು ಒತ್ತಿದೆ. ಸಂಜೆ ನಮ್ಮ ಮನೆಯವರು ಗಿರಣಿಯಿಂದ ಬಂದು, ಅಂಗಡಿಯ ಕಟ್ಟೆಯ ಮೇಲೆ ಕೂತವನನ್ನು ನೋಡಿ, “ಮಗಳು ಹುಟ್ಟೂದಕ್ಕ ಮೊದಲೇ ಅಳಿಯನ್ನ ತಂದ್ಯಲ್ಲ” ಎಂದು ಕೈ ಮುಗಿದು ಒಳಗೆ ಹೋದರು.

ಏಳು ದಿನ ಅವನಷ್ಟು ಉಪಕಾರಿ ಬೇರೆ ಇರಲಿಲ್ಲ. ಸೀಮೆಸುಣ್ಣ ಹಿಡಿದು ಬಟ್ಟೆಯ ಮೇಲೆ ಎಂಥೆಂಥ ಕಮಾನು ಬರೆದುಕೊಟ್ಟ! ಎಂಟನೆಯ ದಿನದಿಂದ ರೊಟ್ಟಿ ತಿನ್ನತೊಡಗಿದ. ಬೆರಳು ಕೊಟ್ಟರೆ ಹಸ್ತ ನುಂಗುವವರು ಎಂದು ಕೇಳಿದ್ದೆ, ಅಂಥವನನ್ನು ಎದುರಿಗೆ ಕೂರಿಸಿಕೊಂಡು ನಾನೇ ಪಲ್ಯ ಬಡಿಸುತ್ತಿದ್ದೆ. ಹತ್ತನೆಯ ದಿನ ಮಷಿನ್ನಿನಿಂದ ತಲೆಯೆತ್ತಿ ನೋಡಿದರೆ ಅವನ ತೊಡೆಯ ಮೇಲೆ ನನ್ನ ಕೆಂಪು ಪುಸ್ತಕ. ಕಸಿದುಕೊಂಡೆ. “ನೀವೇ ಹೂಂ ಅಂದೀರಲ್ರಿ ಅಕ್ಕಾರ” ಎಂದ, ಮುಖದಲ್ಲಿ ಒಂದಿಷ್ಟೂ ಕೆಡುಕಿಲ್ಲದೆ. ಪುಸ್ತಕವನ್ನು ಟ್ರಂಕಿನಲ್ಲಿಟ್ಟು ಬೀಗ ಹಾಕಿದೆ. ಆದರೂ ದಿನಕ್ಕೆ ಹತ್ತು ಪುಟದಂತೆ ಅವನ ಚೀಲ ಉಬ್ಬುತ್ತಲೇ ಇತ್ತು. ಒಮ್ಮೆ ಹೂಂ ಅಂದದ್ದಕ್ಕೆ ಬೀಗ ಯಾವ ಲೆಕ್ಕ?

ಕಳಿಸುವುದಕ್ಕೆ ಪ್ರಯತ್ನಪಡಲಿಲ್ಲವೆಂದಲ್ಲ. ಇವರನ್ನು ಕಳಿಸುವ ರೀತಿ ಊರಿಗೆಲ್ಲ ಗೊತ್ತು. ಹೊಸ್ತಿಲಲ್ಲಿ ನಿಲ್ಲಿಸಿ, ಚೀಲದಲ್ಲಿ ನಿಮ್ಮದೇನಿದೆಯೋ ಅದನ್ನು ಒಂದೊಂದಾಗಿ ಹೆಸರಿಸಿ ಕೇಳಬೇಕು. ಕೇಳಿದ್ದನ್ನು ತೆಗೆದು ಗಾಳಿಗೆ ಬಿಡುತ್ತಾನೆ, ಯಾರು ಯಾರು ಇಣುಕಿದ್ದರೋ ಅವರ ಚೀಲದಿಂದಲೂ ಅದು ಹೋಗುತ್ತದೆ. ಕೇಳಲು ಮರೆತದ್ದು ಅವನದೇ. ಎಲ್ಲ ಮುಗಿದ ಮೇಲೆ ಅವನು ಜೇಬಿನಿಂದ ಒಂದು ಚೂರು ಬೆಲ್ಲ ತೆಗೆದು ನಿಮ್ಮ ಕೈಗೆ ನೀಡುತ್ತಾನೆ. ಅದನ್ನು ತೆಗೆದುಕೊಂಡಿರೋ, ಅವನು ಮತ್ತೆ ಒಳಗೆ, ಗಾಳಿಗೆ ಬಿಟ್ಟದ್ದೂ ಮತ್ತೆ ಚೀಲದೊಳಗೆ. ಬೇಡ ಅಂದರಾಯಿತಲ್ಲ ಎಂದು ಹೊರಗಿನವರು ಕೇಳುತ್ತಾರೆ. ನಮ್ಮೂರಿನಲ್ಲಿ ಹೊಸ್ತಿಲ ಮೇಲೆ ನೀಡಿದ ಬೆಲ್ಲವನ್ನು ಬೇಡ ಅಂದವರೇ ಇಲ್ಲ. ಹಗೆ ಕೊಟ್ಟರೂ ಒಂದು ಚೂರು ನಾಲಿಗೆಗೆ ಹಚ್ಚಿಕೊಂಡೇ ಜಗಳ ಮುಂದುವರಿಸುತ್ತಾರೆ. ಅಜ್ಜಿಯಂದಿರ ಕಾಲದಿಂದ ಕೈಗೆ ಬಂದ ಅಭ್ಯಾಸ ಅದು, ಬುದ್ಧಿಗಿಂತ ಮುಂಚೆ ಕೈ ಚಾಚುತ್ತದೆ.

ಮೊದಲ ಸಲ ಚೀಲದ ಮಾತೆತ್ತದೆ “ಸಾಕಪ್ಪ, ನಡಿ” ಎಂದಾಗ ಅವನು ನೊಂದ ಮುಖ ಮಾಡಿದ. “ನನ್ನಿಂದ ಏನು ತಪ್ಪಾತ್ರಿ? ಡಿಸೈನ್ ಛಲೋ ಇಲ್ಲೇನು? ಒಂದು ತಿಂಗಳು ಸುಮ್ಮನ ಕಟ್ಟಿ ಮ್ಯಾಲೆ ಕೂಡ್ಲೇನು? ಹೋಗ್ಲಿ, ಅರ್ಧಾ ರೊಟ್ಟಿ ತಿಂತೀನಿ. ಖರೇನ ಹೋಗಂತೀರಾ?” ಎಲ್ಲ ಪ್ರಶ್ನೆಗೂ ಗಟ್ಟಿಯಾಗಿ ಉತ್ತರಿಸಿದ ನಾನು ಬೆಲ್ಲವನ್ನು ಮಾತ್ರ ಬಾಯಿಗೆ ಹಾಕಿಕೊಂಡು ಬಿಟ್ಟೆ. ಎರಡನೆಯ ಸಲ ಕೈಯನ್ನು ಸೆರಗಿನಲ್ಲಿ ಸುತ್ತಿಕೊಂಡು ನಿಂತಿದ್ದೆ. ಸೆರಗು ಸಮೇತ ಚಾಚಿದೆ. ಆ ವಾರ, ಹೊಸದಾಗಿ ಬಸುರಿಯಾಗಿದ್ದ ಪಕ್ಕದ ಓಣಿಯ ಸೊಸೆಯ ಮನೆಗೆ ತೊಟ್ಟಿಲು ಮಾರುವವರು ಬಂದರಂತೆ. ವಿಷಯ ಅತ್ತೆಗೇ ಗೊತ್ತಿರಲಿಲ್ಲ. ಆ ಸುದ್ದಿ ಕೇಳಿ ನಾನೂ ಎಲ್ಲರ ಜೊತೆ ನಕ್ಕೆ. ಅದು ನನ್ನ ಪುಸ್ತಕದಿಂದಲೇ ಹೋದದ್ದು ಎಂದು ನನ್ನ ಮಂದಬುದ್ಧಿಗೆ ಹೊಳೆಯಲೇ ಇಲ್ಲ.

ಹೊಳೆದದ್ದು ಒಂದು ಗುರುವಾರ ಬೆಳಿಗ್ಗೆ. ಅಕ್ಕೋರು ಶಾಲೆಯ ಹೊತ್ತಿನಲ್ಲಿ ನನ್ನ ಅಂಗಡಿಗೆ ಬಂದರು. ಬಿಸಿಲಲ್ಲಿ ಬೇಗ ಬೇಗ ನಡೆದು ಬಂದು ಮೈ ಬೆವೆತಿತ್ತು. ಬಾಗಿಲು ಹಾಕಲಿಲ್ಲ, ಕೂರಲಿಲ್ಲ.

“ಇಂದುಮತಿ, ಇವತ್ತು ಸಾಲಿ ಗೇಟಿನಾಗ ಒಬ್ಬ ನಿಂತಿದ್ದ. ಕೈಯಾಗ ಒಂದು ಡಬ್ಬಿ. ಹುಡಿಗ್ಯಾರ ಮುಂದ ನನ್ನ ಹೆಸರು ಹಿಡದು ಕರದು, ‘ಎಡಗಡೀದಕ್ಕ ಮೆತ್ತನ್ನದು ತಂದೀನ್ರಿ, ನವಣಿಗಿಂತ ಛಲೋ ಐತಿ’ ಅಂದ.”

ನನ್ನ ಕೈಯ ಕತ್ತರಿ ಕೆಳಗೆ ಬಿತ್ತು.

“ಹುಡಿಗ್ಯಾರಿಗೆ ತಿಳೀಲಿಲ್ಲ. ನಾ ಅವನ್ನ ಗದರಿಸಿ ಓಡಿಸಿದೆ. ಈ ಊರಾಗ ನನ್ನ ಎದೀ ವಿಷಯ ಇಬ್ಬರಿಗೇ ಗೊತ್ತು. ನನಗ, ನಿನಗ. ನವಣಿ ವಿಷಯಾನೂ ಅಷ್ಟ.” ಬಿದ್ದ ಕತ್ತರಿಯನ್ನು ಎತ್ತಿ ನನ್ನ ಮುಂದೆ ಇಟ್ಟರು. “ನಾ ಯಾರ ಮುಂದೂ ಬಾಯಿ ಬಿಟ್ಟಿಲ್ಲವ್ವ.”

ಬೇಲಿಯೇ ಎದ್ದು ಹೊಲ ಮೇಯ್ದರೆ ಯಾರಿಗೆ ದೂರು ಕೊಡುವುದು? ನಾನು ಆಣೆ ಇಡಲು ಹೋಗಲಿಲ್ಲ, ಅಳಲೂ ಇಲ್ಲ. ಕಟ್ಟೆಯ ಮೇಲೆ ಕೂತವನ ಕಡೆ ಬೆರಳು ಮಾಡಿದೆ. ಅಕ್ಕೋರು ತಿರುಗಿ ನೋಡಿದರು, ಅವನ ಚೀಲ ನೋಡಿದರು, ಟ್ರಂಕಿನ ಬೀಗ ನೋಡಿದರು. ಹೇಳದೆಯೇ ಎಲ್ಲ ಅರ್ಥವಾಯಿತು. ಆ ಕ್ಷಣದಲ್ಲಿ ಅವರು ನನ್ನ ಕೆನ್ನೆಗೆ ಬಾರಿಸಿದ್ದರೆ ನನಗೆ ಎಷ್ಟೋ ಹಗುರವಾಗುತ್ತಿತ್ತು. ಅವರು ಮಾಡಿದ್ದು ಬೇರೆ. ನೇರ ಅವನ ಮುಂದೆ ಹೋಗಿ ನಿಂತು, ತಡವಾಗಿ ಬಂದ ಮಕ್ಕಳನ್ನು ಕೇಳುವ ದನಿಯಲ್ಲಿ ಕೇಳಿದರು.

“ನಂದು ಎಷ್ಟು ಮಂದಿಗೆ ತೋರಿಸಿದಿ?”

“ಒಬ್ಬಗ ಅಷ್ಟೇ ತೋರಿಸೀನ್ರಿ” ಎಂದು ಅವನು ಎದ್ದು ನಿಂತು ವಿನಯದಿಂದ ಹೇಳಿದ. “ನಿಮ್ಮ ಪುಟ ಮೊನ್ನೆ ಮಂಗಳವಾರ ಓದೀನಿ. ಹೊಸಾದು ಮೊದಲನೇ ವಾರ ಒಬ್ಬಗ. ಎರಡನೇ ವಾರ ಎಲ್ಲಾರಿಗೂ.”

ಅಂದರೆ ಮುಂದಿನ ಬುಧವಾರ ಹನ್ನೆರಡು ಗಂಟೆಯವರೆಗೆ ಮಾತ್ರ ಕಾಲಾವಕಾಶ. ಅಕ್ಕೋರು ನನ್ನ ಕಡೆ ತಿರುಗಿ, “ಬುಧವಾರ ಮುಂಜಾನೆ ಅರ್ಧಾ ದಿನ ರಜಾ ಹಾಕಿ ಬರ್ತೀನಿ. ಎಷ್ಟು ಮಂದೀದು ಐತಿ ನಿನ್ನ ಪುಸ್ತಕದಾಗ?” ಎಂದರು. ಇನ್ನೂರ ಹದಿನಾಲ್ಕು ಎಂದೆ. “ಎಲ್ಲಾರದೂ ತಗಸೂಣು. ನನ್ನೊಬ್ಬಾಕಿದ ಅಲ್ಲ” ಅಂದರು. ಎಡವಿದವಳು ನಾನು, ಗಾಯವಾದದ್ದು ಅವರಿಗೆ, ಮುಲಾಮು ಹುಡುಕುತ್ತಿದ್ದವರೂ ಅವರೇ.

ಒಂದು ತೊಡಕಿತ್ತು. ಹೆಸರಿಸಿ ಕೇಳಬೇಕು ಎಂದೆನಲ್ಲ, ಏನೆಂಬುದನ್ನೂ ಬಿಡಿಸಿ ಹೇಳಿ ಕೇಳಬೇಕು. ‘ಇಂಥವಳದು ಕೊಡು’ ಅಂದರೆ “ಇಂಥವರದು ಏನ್ರಿ?” ಅನ್ನುತ್ತಾನೆ. ಒಳಜೇಬೋ, ಸುಟ್ಟ ಕಲೆಯೋ, ಅವನ ಕಿವಿಗೆ ಬೀಳುವಂತೆ ಹೇಳಬೇಕು. ಹೊಸ್ತಿಲ ಮೇಲೆ ನಿಂತು ಅದನ್ನೆಲ್ಲ ಹೇಳುತ್ತಿದ್ದರೆ ಓಣಿಗೆ ಓಣಿಯೇ ಕೇಳಿಸಿಕೊಳ್ಳುವುದಿಲ್ಲವೇ? ಗುಟ್ಟು ವಾಪಸು ಪಡೆಯಲು ಹೋಗಿ ಡಂಗುರ ಸಾರಿದಂತಾಗುತ್ತದೆ. ಊರಿನಲ್ಲಿ ಎಷ್ಟೋ ಜನ ಈ ಕಾರಣಕ್ಕೇ ಅಳಿಯಂದಿರನ್ನು ಸಾಕಿಕೊಂಡು ಇದ್ದಾರೆ. ಅದಕ್ಕೆ ಅಕ್ಕೋರೇ ಉಪಾಯ ಹೇಳಿದರು. “ನಿಮ್ಮ ಮನೆಯವರ ಗಿರಣಿ ಐತಲ್ಲ, ಅದನ್ನ ಹಚ್ಚಿಸು. ನೀ ಅವನ ಕಿವಿ ಹತ್ರ ನಿಂತು ಹೇಳು. ಗಿರಣಿ ಗದ್ದಲದಾಗ ಮೂರನೇದವರಿಗೆ ಏನೂ ಕೇಳಂಗಿಲ್ಲ.” ನಾನು ಇಪ್ಪತ್ತಾರು ವರ್ಷದಿಂದ ಬಯ್ಯುತ್ತಾ ಬಂದ ಸದ್ದು ಅವತ್ತು ದೇವರಂತೆ ಕಂಡಿತು.

ಬುಧವಾರ ಒಂಬತ್ತಕ್ಕೆ ಶುರುಮಾಡಿದೆವು. ನಮ್ಮ ಮನೆಯವರು ನಾಲ್ಕು ಚೀಲ ಜೋಳ ಒಟ್ಟುಗೂಡಿಸಿಕೊಂಡು ಗಿರಣಿ ಹಚ್ಚಿದರು. ನಾನು ಅವನನ್ನು ಹೊಸ್ತಿಲಲ್ಲಿ ನಿಲ್ಲಿಸಿ, ಪುಸ್ತಕ ತೆರೆದು, ಅವನ ಕಿವಿಯ ಹತ್ತಿರ ಬಾಯಿಟ್ಟು ಹೇಳತೊಡಗಿದೆ. ಅಕ್ಕೋರು ಪುಸ್ತಕ ಕಾಣದಷ್ಟು ದೂರ, ಮೆಟ್ಟಿಲಿನ ಕೆಳಗೆ, ಬೇಕೆಂದೇ ನಮ್ಮ ಕಡೆ ಬೆನ್ನು ಮಾಡಿ ನಿಂತರು. ತಮ್ಮದನ್ನು ಉಳಿಸಿಕೊಳ್ಳಲು ಬಂದವರು ಬೇರೆಯವರದು ಕಿವಿಗೆ ಬೀಳದಂತೆ ಅಷ್ಟು ಎಚ್ಚರ ವಹಿಸಿದ್ದನ್ನು ನಾನು ಸಾಯುವತನಕ ಮರೆಯಲಾರೆ. ಒಂದು ಹೆಸರು, ಒಂದು ವಿಷಯ. ಅವನು ಚೀಲದಲ್ಲಿ ಕೈಯಾಡಿಸಿ, ತೆಗೆದು, ಗಾಳಿಗೆ ಬಿಡುತ್ತಿದ್ದ. ಐವತ್ತಾಯಿತು, ನೂರಾಯಿತು. ಗಂಟಲು ಒಣಗಿತು. ಅಕ್ಕೋರು ನಡುನಡುವೆ ತಿರುಗದೆಯೇ ಹಿಂದಕ್ಕೆ ನೀರಿನ ತಂಬಿಗೆ ಚಾಚುತ್ತಿದ್ದರು. ಓಣಿಯ ಹೆಂಗಸರು ಇದೇನು ನಡೆದಿದೆಯೆಂದು ಒಬ್ಬೊಬ್ಬರಾಗಿ ಬಂದು ಆಚೆಯ ಗೋಡೆಗೆ ಒರಗಿ ನಿಂತರು. ಗಿರಣಿ ಗುಡುಗುತ್ತಲೇ ಇತ್ತು, ಯಾರಿಗೂ ಏನೂ ಕೇಳಿಸಲಿಲ್ಲ.

ಅಕ್ಕೋರ ಪುಟ ಬಂದಾಗ ನಾನು ಅದನ್ನು ದಾಟಿಸಿ ಮುಂದೆ ಹೋದೆ. ಕಡೆಗೆ ಹೇಳಿದರಾಯಿತು ಅಂದುಕೊಂಡೆ. ಖರೆ ಹೇಳಬೇಕೆಂದರೆ ನಾಚಿಕೆಯಾಯಿತು. ನನ್ನ ಬಾಯಿಂದ ಇನ್ನೊಮ್ಮೆ ಆ ಮಾತು ಹೊರಡುವುದು ಬೇಡವಾಗಿತ್ತು. ಇನ್ನೂರ ಹದಿಮೂರು ಮುಗಿದಾಗ ಹನ್ನೆರಡಕ್ಕೆ ಹತ್ತು ನಿಮಿಷ ಇತ್ತು. ಉಸಿರೆಳೆದುಕೊಂಡು ಅವರ ಪುಟ ತೆರೆದೆ. ಅಷ್ಟರಲ್ಲಿ ಕರೆಂಟು ಹೋಯಿತು.

ಗಿರಣಿ ಗೊರಗೊರ ಎಂದು ನಿಂತಿತು. ಓಣಿಯಲ್ಲಿ ಅಂಥ ಮೌನವನ್ನು ನಾನು ಕೇಳಿಯೇ ಇರಲಿಲ್ಲ. ಆಚೆಯ ಗೋಡೆಯ ಹೆಂಗಸೊಬ್ಬಳ ಬಳೆಯ ಸದ್ದು ಈಚೆಗೆ ಕೇಳಿಸಿತು. ನಮ್ಮ ಮನೆಯವರು ಗಿರಣಿಯ ಬಾಗಿಲಿಗೆ ಬಂದು ಎರಡೂ ಕೈ ಆಡಿಸಿದರು, ಮೈಯೆಲ್ಲ ಹಿಟ್ಟು. ಕರೆಂಟು ಹೋದರೆ ನಮ್ಮಲ್ಲಿ ಒಂದು ತಾಸಂತೂ ಬರುವುದಿಲ್ಲ.

“ಅಕ್ಕೋರದು ಕೊಡು” ಎಂದು ಪಿಸುಗುಟ್ಟಿದೆ.

“ಅಕ್ಕೋರದು ಏನ್ರಿ?” ಎಂದ.

“ಗೊತ್ತೈತಲ್ಲ ನಿನಗ.”

“ನೀವು ಹೇಳಬೇಕ್ರಿ. ಜೋರಾಗಿ ಹೇಳ್ರಿ, ಕೇಳಿಸವಲ್ದು.” ಅವನು ಸೂರ್ಯನ ಕಡೆ ನೋಡಿ ಚೀಲವನ್ನು ಹೆಗಲಿಗೇರಿಸಿಕೊಂಡ. “ನನಗ ಟಾಕಿ ಕಡೆ ಹೋಗೂ ಹೊತ್ತಾತು.”

ನಾನು ಬಾಯಿ ತೆರೆದೆ. ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು. ಹೇಳಿದರೆ ಇಪ್ಪತ್ತು ಹೆಂಗಸರು ಕೇಳುತ್ತಾರೆ, ಹೇಳದಿದ್ದರೆ ಊರೇ ಕೇಳುತ್ತದೆ. ಆಗ ಅಕ್ಕೋರು ತಿರುಗಿದರು. ಮೂರು ಮೆಟ್ಟಿಲು ಹತ್ತಿ ಬಂದು, ನನ್ನ ಕೈಯ ಪುಸ್ತಕವನ್ನು ತಾವೇ ಮುಚ್ಚಿ, ಅವನಿಗೆ ಎದುರಾಗಿ ನಿಂತರು. ಕವಾಯತಿನ ಮೈದಾನದಲ್ಲಿ ನಿಲ್ಲುತ್ತಾರಲ್ಲ, ಹಾಗೆ.

“ದಾಕ್ಷಾಯಣಿ, ಹೆಣ್ಣುಮಕ್ಕಳ ಸಾಲಿ” ಎಂದು ಓಣಿಯ ಕೊನೆಗೆ ಮುಟ್ಟುವ ದನಿಯಲ್ಲಿ ಹೇಳಿದರು. “ನನಗ ಎಡಗಡೆ ಎದಿ ಇಲ್ಲ. ಗಂಟಾಗಿತ್ತು, ಮೂರು ವರ್ಷದ ಹಿಂದ ತಗದಾರ. ಅರಳಿ, ನವಣಿ ತುಂಬಿದ ಚೀಲಾ ಇಟ್ಟು ಜಂಪರ್ ಹೊಲಿಸ್ಕೋತೀನಿ. ಅದು ನಂದು. ತಗೀ ಹೊರಗ.”

ಅವನು ತಡವರಿಸಿದ. ತಮ್ಮ ಗುಟ್ಟನ್ನು ತಾವೇ ಓಣಿಗೆಲ್ಲ ಕೇಳುವಂತೆ ಹೇಳುವವರು ಅವನಿಗೆ ಎದುರಾಗಿರಲಿಲ್ಲವೆಂದು ಕಾಣುತ್ತದೆ. ಅವನ ಪ್ರಶ್ನೆಗಳು ಯಾವುವೂ ಅದಕ್ಕೆ ಹೊಂದಲಿಲ್ಲ. ಚೀಲದಲ್ಲಿ ಕೈಹಾಕಿ ತೆಗೆದು ಗಾಳಿಗೆ ಬಿಟ್ಟ. ಖಾಲಿ ಚೀಲ ಹೆಗಲಿನ ಮೇಲೆ ಜೋತುಬಿತ್ತು. ಕಡೆಗೆ ರೂಢಿಯಂತೆ ಜೇಬಿನಿಂದ ಬೆಲ್ಲದ ಚೂರು ತೆಗೆದು ನನ್ನ ಕಡೆ ನೀಡಿದ. ದೇವರಾಣೆ, ಅಷ್ಟೆಲ್ಲ ಆದ ಮೇಲೂ ನನ್ನ ಕೈ ಮೇಲೆದ್ದಿತು! ಅಕ್ಕೋರು ನನ್ನ ಎರಡೂ ಕೈಗಳನ್ನು ತಮ್ಮ ಎರಡೂ ಕೈಗಳಲ್ಲಿ ಹಿಡಿದುಕೊಂಡರು. ಅವರ ಅಂಗೈ ಆ ಬಿಸಿಲಲ್ಲೂ ತಣ್ಣಗಿತ್ತು. ಅಷ್ಟು ಗಟ್ಟಿ ದನಿಯಲ್ಲಿ ಮಾತಾಡಿದವರು ಒಳಗೆ ಎಷ್ಟು ಹೆದರಿದ್ದರು ಎಂದು ಗೊತ್ತಾದದ್ದು ನನಗೊಬ್ಬಳಿಗೇ. ಅವನು ಬೆಲ್ಲ ಹಿಡಿದು ಬಹಳ ಹೊತ್ತು ನಿಂತ. ಬಿಸಿಲಿಗೆ ಬೆಲ್ಲ ಕರಗಿ ಬೆರಳಿಗೆ ಅಂಟಿತು. ಆಮೇಲೆ ಮೆಟ್ಟಿಲಿಳಿದು ಹೋದ, ಮತ್ತೆ ಬರಲಿಲ್ಲ.

ನಾನು ಅವರ ಕಾಲು ಹಿಡಿಯಲು ಬಗ್ಗಿದೆ. “ಏಳು, ಏಳು. ಕಾಲು ಹಿಡಿಯೂದು ಬ್ಯಾಡ. ಇನ್ನ ಮುಂದ ಓದದ ಹೂಂ ಅನಬ್ಯಾಡ, ಅಷ್ಟು ಸಾಕು” ಎಂದು ಗದರಿಸಿ, ಅರ್ಧ ದಿನದ ರಜೆ ಮುಗಿಯುತ್ತದೆಂದು ಶಾಲೆಯ ಕಡೆ ನಡೆದರು. ಗೋಡೆಗೆ ಒರಗಿದ್ದ ಹೆಂಗಸರು ದಾರಿ ಬಿಟ್ಟು ನಿಂತರು. ಮರುದಿನ ಬೆಳಿಗ್ಗೆ ನನಗೆ ಮನೆಯಲ್ಲಿ ಕೂರಲಾಗಲಿಲ್ಲ. ಶಾಲೆಯ ಕಂಪೌಂಡಿನ ಹಿಂದೆ ಹೋಗಿ ಕಳ್ಳಿಯಂತೆ ಇಣುಕಿದೆ. ಸುದ್ದಿ ಅಷ್ಟರಲ್ಲಿ ಮನೆ ಮನೆ ಮುಟ್ಟಿತ್ತು, ಹುಡುಗಿಯರಿಗೂ ಗೊತ್ತಿತ್ತು. ಅಕ್ಕೋರು ಎರಡೂ ಕೈ ಮೇಲೆತ್ತಿ ಎಣಿಸುತ್ತಿದ್ದರು. ಸಾಲಿನಲ್ಲಿ ನಿಂತ ನೂರು ಹುಡುಗಿಯರೂ ಅವರ ಮುಖವನ್ನೇ ನೋಡುತ್ತಿದ್ದರು. ಗೋಡೆಯ ಈಚೆ ನಾನು ಸೆರಗು ಬಾಯಿಗಿಟ್ಟುಕೊಂಡು ಅತ್ತೆ. ಅವರಂಥವರು ಇರುವ ಊರಿನಲ್ಲಿ ನನ್ನನ್ನು ಹುಟ್ಟಿಸಿದ್ದಕ್ಕೆ ಯಾರಿಗೆ ಕೈ ಮುಗಿಯಬೇಕೋ ತಿಳಿಯದೆ ಶಾಲೆಯ ಗೋಡೆಗೇ ಮುಗಿದೆ.

ಕೆಟ್ಟ ಮೇಲೆ ಬುದ್ಧಿ ಬಂತು, ಅಟ್ಟ ಮೇಲೆ ಒಲೆ ಉರಿಯಿತು ಅನ್ನುತ್ತಾರೆ. ಉರಿದದ್ದಾದರೂ ಉರಿಯಿತಲ್ಲ. ಇನ್ನೂರ ಹದಿನಾಲ್ಕು ಪುಟಗಳನ್ನೂ ಹರಿದು, ಅವರವರ ಪುಟ ಅವರವರ ಮನೆಗೆ ನಾನೇ ಹೋಗಿ ಕೊಟ್ಟು, ನಡೆದದ್ದನ್ನು ಹೇಳಿ ಕ್ಷಮೆ ಕೇಳಿ ಬಂದೆ. ತೊಟ್ಟಿಲಿನ ಮನೆಯ ಸೊಸೆ ಬೈದಳು, ಬೈಸಿಕೊಂಡೆ. ಕೆಲವರು ಬಾಗಿಲಲ್ಲೇ ಕಳಿಸಿದರು, ಅದೂ ಸರಿಯೇ. ಈಗ ಹೊಲಿಸಲು ಬರುವವರು ತಮ್ಮ ಚೀಟಿ ತಾವೇ ತರುತ್ತಾರೆ, ಹೊಲಿದ ಮೇಲೆ ತಾವೇ ಒಯ್ಯುತ್ತಾರೆ. ನನ್ನಲ್ಲಿ ಉಳಿಯುವುದು ಬಟ್ಟೆಯ ಚೂರು ಮಾತ್ರ. ಫೋನಿನಲ್ಲಿ ಏನಾದರೂ ಕೇಳಿದರೆ ಕನ್ನಡಕ ಹಾಕಿಕೊಂಡು, ಎಲ್ಲಕ್ಕಿಂತ ಸಣ್ಣ ಅಕ್ಷರವನ್ನು ಎಲ್ಲಕ್ಕಿಂತ ಮೊದಲು ಓದುತ್ತೇನೆ. ನವಿಲು ಕಮಾನು ನನಗೇ ಬರೆಯಲು ಬಂದಿದೆ, ತುಸು ಕೋಳಿಯಂತೆ ಕಾಣುತ್ತದೆ ಎಂದು ಹುಡುಗಿಯರು ನಗುತ್ತಾರೆ.

ಇದಾಗಿ ಹದಿನೈದು ದಿನಕ್ಕೆ ಒಬ್ಬ ಹೆಂಗಸು ಅಂಗಡಿಗೆ ಬಂದಳು. ಅಂಥ ಬೇಸಿಗೆಯಲ್ಲಿ ಶಾಲು ಹೊದ್ದಿದ್ದಳು. ಸಂತೆಯಲ್ಲಿ ಮೆಣಸಿನಕಾಯಿ ಮಾರುವ ಬಾಳವ್ವ. ಮುಖ ಗೊತ್ತಿತ್ತು, ನನ್ನಲ್ಲಿ ಎಂದೂ ಏನೂ ಹೊಲಿಸಿದವಳಲ್ಲ. ಅತ್ತ ಇತ್ತ ನೋಡಿ ಬಾಗಿಲು ಹಾಕಿ, ಶಾಲು ತೆಗೆದಳು. ಅವಳದು ಬಲಗಡೆ ಇರಲಿಲ್ಲ.

“ಆರು ವರ್ಷಾತ್ರಿ” ಎಂದಳು. “ಸಂತ್ಯಾಗೂ ಶಾಲು ಹೊತ್ಕೊಂಡು ಕುಂದರ್ತೀನಿ, ಥಂಡಿ ಹತ್ತೇತಿ ಅಂತ ಎಲ್ಲಾರಿಗೂ ಹೇಳೀನಿ. ನನಗೊಬ್ಬಾಕಿಗೇ ಹಿಂಗ ಆಗೇತಿ ಅಂತ ತಿಳಕೊಂಡಿದ್ದೆ. ಆವತ್ತು ನಿಮ್ಮ ಓಣ್ಯಾಗ ನಿಂತಿದ್ದೆ, ಅಕ್ಕೋರು ಹೇಳಿದ್ದು ಕೇಳಿದೆ.” ಕನ್ನಡಿಯ ಕಡೆ ಒಮ್ಮೆ ನೋಡಿದಳು. “ಅವರಿಗೆ ಹೊಲದಂಗ ನನಗೂ ಒಂದು ಹೊಲೀತೀರೇನ್ರಿ?”

ನಾನು ಅಳತೆ ತೆಗೆದುಕೊಂಡೆ. ಚೀಟಿಯಲ್ಲಿ ಬರೆದು ಅವಳ ಕೈಗೇ ಕೊಟ್ಟೆ. ಅರಳೆ ಬಿಡಿಸಿ, ನವಣೆ ಹಿಡಿದು, ಅವಳನ್ನು ಕೂರಿಸಿಕೊಂಡು ಅಲ್ಲೇ ಹೊಲಿದೆ. ಹಾಕಿಕೊಂಡು ಕನ್ನಡಿಯ ಮುಂದೆ ನಿಂತಳು, ಶಾಲನ್ನು ಮಡಚಿ ಕಂಕುಳಲ್ಲಿ ಇಟ್ಟುಕೊಂಡಳು. ಹೊರಡುವಾಗ ಸೊಂಟದ ಸಂಚಿ ಬಿಚ್ಚುತ್ತಾ “ಎಷ್ಟಾತ್ರಿ?” ಎಂದು ಕೇಳಿದಳು.

“ಏನೂ ಇಲ್ಲವ್ವ” ಎಂದೆ. “ಅಕ್ಕೋರು ಆವತ್ತೇ ಕೊಟ್ಟು ಹೋಗ್ಯಾರ.”